ಮಾವನವರ ಪಾದ ಮತ್ತು ಜಗಳೂರಿನ ಟಾನಿಕ್

ನಾನು ಹೊನ್ನಾಳಿಗೆ ಸೊಸೆಯಾಗಿ ಬಂದಾಗ ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮಾವನವರದು ಬಸ್ ಸ್ಟ್ಯಾಂಡ್ ಹತ್ತಿರ ಕಿರಾಣಿ ಅಂಗಡಿ. ಬೆಳಿಗ್ಗೆ ವಿಭೂತಿ ಧರಿಸಿ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಏಳುವುದು ಊಟಕ್ಕೇ. ಸಾಮಾನು ತೂಗಲು, ಕಟ್ಟಲು ಆಳುಗಳಿದ್ದರು. ಮಾವನವರು ದುಡಿಸುತ್ತಿದ್ದುದು ಬಾಯನ್ನು ಮಾತ್ರ. ಹೀಗಾಗಿ ಅವರ ಪಾದಗಳಿಗೆ ಯಾವಾಗಲೂ ಜೋಮು. ಏಪ್ರಿಲ್ ಬಿಸಿಲಲ್ಲೂ ಮಣ್ಣಿನ ಹೂಜಿಯಷ್ಟು ತಣ್ಣಗಿರುತ್ತಿದ್ದವು.

ಒಂದು ಸಂತೆಯ ದಿನ ಬೀಗರು ಬಂದರೆಂದು ಸರ್ರನೆ ಎದ್ದರು. ಕಾಲು ಮಾತ್ರ ಏಳಲಿಲ್ಲ. ಹೋಗಿ ಮಂಡಕ್ಕಿ ಚೀಲದ ಮೇಲೆ ಬಿದ್ದರು. ಚೀಲ ಒಡೆದು ಮಂಡಕ್ಕಿ ರಸ್ತೆಯವರೆಗೂ ಹರಡಿತು; ಮೇಕೆಗಳು ಓಡಿ ಬಂದವು. ಬೀಗರು ನಗು ತಡೆದುಕೊಂಡು ಎಬ್ಬಿಸಿ ಕೂರಿಸಿದರು. ಅತ್ತೆ ಬಂದು ಮಾವನವರ ಮೀಸೆಯೊಳಗಿನ ಮಂಡಕ್ಕಿ ಆರಿಸಿ ತೆಗೆದರು.

ಡಾಕ್ಟರು ಪಾದ ಒತ್ತಿ ನೋಡಿ, ಹೆದರುವಂಥದ್ದೇನೂ ಇಲ್ಲ, ಕೂತು ಕೂತು ರಕ್ತಸಂಚಾರ ಮಂದವಾಗಿದೆ, ದಿನಾ ಸಂಜೆ ನಡೆಯಿರಿ ಎಂದರು. ಇಂಜೆಕ್ಷನ್ ಇಲ್ಲ, ಗುಳಿಗೆ ಇಲ್ಲ. ಮಾವನವರಿಗೆ ಅವಮಾನವಾಯಿತು. ನಡೆಯಲು ಹೇಳುವುದಕ್ಕೆ ಡಾಕ್ಟರೇ ಬೇಕೆ ಎಂದು ದಾರಿಯುದ್ದಕ್ಕೂ ಗೊಣಗಿದರು. ಮಾರನೆಯ ದಿನ ಮತ್ತೆ ಗಾದಿ ಏರಿದರು.

ಜಗಳೂರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಅವರ ಅಳಿಯ ಸುದ್ದಿ ಕೇಳಿ ದೊಡ್ಡದೊಂದು ಬಾಟಲಿ ತಂದರು. ಅಮೈನೊ ಆಸಿಡ್ ಟಾನಿಕ್, ರಕ್ತ ಚೆನ್ನಾಗಿ ಓಡುತ್ತದೆ ಎಂದು ಹೇಳಿ ಬಸ್ ಹಿಡಿದು ಹೋದರು. ಮಾವನವರು ಕನ್ನಡಕ ಹಾಕಿಕೊಂಡು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರು. ಆಸಿಡ್ ಎಂಬಲ್ಲಿ ನಿಂತರು. ಅವರಿಗೆ ಗೊತ್ತಿದ್ದ ಆಸಿಡ್ ಎಂದರೆ ಟ್ರ್ಯಾಕ್ಟರ್ ಬ್ಯಾಟರಿಗೆ ಹಾಕುವಂಥದ್ದು.

"ಅಳಿಯಂದ್ರು ನನ್ನ ಮ್ಯಾಲೆ ಏನಾರ ಸಿಟ್ಟು ಇಟ್ಕಂಡಾರೇನಮ್ಮಾ?" ಎಂದು ನನ್ನನ್ನು ಕೇಳಿದರು.

ಇದು ಸುಡುವ ಆಸಿಡ್ ಅಲ್ಲ, ಪ್ರೋಟೀನಿನ ತುಣುಕುಗಳು, ನಾವು ತಿನ್ನುವ ಬೇಳೆಯಲ್ಲೂ ಹಾಲಿನಲ್ಲೂ ಇರುತ್ತವೆ ಎಂದು ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ. ತಲೆಯಾಡಿಸಿದರು. ಆಮೇಲೆ ಹಿತ್ತಲಿಗೆ ಹೋಗಿ ನೋಡಿದರೆ, ಒಗೆಯುವ ಕಲ್ಲಿನ ಮೇಲೆ ಒಂದು ಚಮಚ ಟಾನಿಕ್ ಸುರಿದು, ನೊರೆ ಬರುತ್ತದೆಯೇ ಎಂದು ಕುಕ್ಕರುಗಾಲಲ್ಲಿ ಕೂತು ಕಾಯುತ್ತಿದ್ದರು. ಇರುವೆ ಬಂದವು.

ಆದರೂ ಕುಡಿಯುವ ಧೈರ್ಯ ಬರಲಿಲ್ಲ. ಪಕ್ಕದ ಅಂಗಡಿಯಲ್ಲಿ ಗಾದಿ ಹೊಲಿಯುವ ಸಾಬರಿದ್ದರು, ಮಾವನವರ ಹಳೆಯ ಸ್ನೇಹಿತರು. ಅವರದೂ ಕೂತೇ ಮಾಡುವ ಕೆಲಸ, ಅವರಿಗೂ ಜೋಮು. ವಿಷಯ ಕೇಳಿ ಅವರು ಬಿಸ್ಮಿಲ್ಲಾ ಎಂದು ಒಂದು ಚಮಚ ಕುಡಿದೇ ಬಿಟ್ಟರು. ಮಾವನವರು ಸಂಜೆಯವರೆಗೂ ಗಿರಾಕಿಗಳನ್ನು ಬಿಟ್ಟು ಅವರ ಹೊಟ್ಟೆಯ ಯೋಗಕ್ಷೇಮ ವಿಚಾರಿಸಿದರು. ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ತಾವೂ ಕುಡಿದರು.

ಆಗ ಹೊಸ ಅನುಮಾನ ಹುಟ್ಟಿತು. ಬಾಯಿಗೆ ಹಾಕಿದ್ದು ಪಾದಕ್ಕೆ ಹೇಗೆ ಮುಟ್ಟಬೇಕು? ಸಾಬರು ಯೋಚಿಸಿ ಹೇಳಿದರು, "ಭಾಳ ಮಂದ ಐತ್ರೀ ಇದು ಸಾವ್ಕಾರ್ರೆ. ನಾವು ಕುಂತ್ರೆ ಇದೂ ಹೊಟ್ಟೆಗೇ ಕುಂತ್ಬಿಡ್ತೈತೆ. ಕೆಳಗೆ ಇಳಿಸಾಕೆ ನಡೀಬೇಕು."

ಅಂದಿನಿಂದ ಇಬ್ಬರೂ ಟಾನಿಕ್ ಕುಡಿದು ಹೊಳೆಯ ಸೇತುವೆಯವರೆಗೆ ನಡೆಯತೊಡಗಿದರು. ಬಂದವರೇ ಜಗಲಿಯ ಮೇಲೆ ಕಾಲು ಚಾಚುತ್ತಿದ್ದರು. ಯಾರ ಪಾದ ಹೆಚ್ಚು ಬೆಚ್ಚಗಿದೆ ಎಂಬ ಜಗಳ ಹತ್ತಿದ್ದರಿಂದ ನಾನು ಶಾಲೆಯ ಥರ್ಮಾಮೀಟರ್ ತಂದುಕೊಟ್ಟೆ. ಅದನ್ನು ಕಾಲ್ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು, ಕೊಂಚವೂ ಅಲುಗಾಡದೆ ಕೂರುತ್ತಿದ್ದರು. ಹಾದುಹೋಗುವವರು, ಪಾದಕ್ಕೆ ಜ್ವರ ಬರುವುದು ಯಾವ ಕಾಯಿಲೆ ಎಂದು ನಿಂತು ಕೇಳುತ್ತಿದ್ದರು.

ಜೋಮು ನಿಜಕ್ಕೂ ಕಡಿಮೆಯಾಯಿತು. ಆದರೆ ಟಾನಿಕ್ ಮುಗಿಯಿತು. ಅಳಿಯನ ಅಂಗಡಿಗೆ ಹೊಸ ಮಾಲು ಬಂದಿರಲಿಲ್ಲ. ಸುಮ್ಮನೆ ನಡೆದರೂ ಸಾಕು ಮಾವ ಎಂದೆ.

"ಟಾನಿಕ್ಕೇ ಇಲ್ದಾಗ ನಡೆದು ಏನಮ್ಮ ಇಳಿಸಾದು?" ಎಂದರು.

ಜೋಮು ವಾಪಸ್ ಬಂತು. ನಾನು ಡಾಕ್ಟರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಅವರು ನಗದೆ, "ಟಾನಿಕ್ ಕುಡಿಸ್ರಿ. ಕುಡಿದ್ರೆ ನಡೀತಾರೆ, ನಡೆದ್ರೆ ರಕ್ತ ಓಡ್ತೈತೆ" ಎಂದು ಚೀಟಿ ಬರೆದುಕೊಟ್ಟರು. ಚೀಟಿ ತೋರಿಸಿ ಟಾನಿಕ್ ತಂದೆ; ಸೇತುವೆಯ ನಡಿಗೆ ಮತ್ತೆ ಶುರುವಾಯಿತು. ಗೆದ್ದದ್ದು ನಡಿಗೆಯೇ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಆ ದಶಕ ಮುಗಿಯುವ ಹೊತ್ತಿಗೆ ಪತ್ರಿಕೆಯಲ್ಲೊಂದು ಲೇಖನ ಓದಿದೆ. ಅರ್ಜಿನೈನ್ ಎಂಬ ಅಮೈನೊ ಆಮ್ಲದಿಂದಲೇ ನಮ್ಮ ದೇಹ ರಕ್ತನಾಳಗಳನ್ನು ಸಡಿಲಗೊಳಿಸುವ ಅನಿಲವೊಂದನ್ನು ತಯಾರಿಸಿಕೊಳ್ಳುತ್ತದಂತೆ. ನನ್ನ ಜಂಬ ಸ್ವಲ್ಪ ಇಳಿಯಿತು. ಒಂದು ಚಮಚ ಟಾನಿಕ್ಕಿನಿಂದ ಏನಾದರೂ ಆಗಿತ್ತೋ ಇಲ್ಲವೋ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಆದರೂ ಓದಿದ್ದನ್ನು ಮಾವನವರಿಗೆ ಹೇಳಿದೆ. ಅದು ಶೇಂಗಾದಲ್ಲೂ ಬೇಕಾದಷ್ಟಿದೆ ಎಂದೂ ಸೇರಿಸಿದೆ.

ನಾನಾಗಲೇ ಹೇಳಿದ್ದೆ ಎಂದು ಮೆರೆಯುತ್ತಾರೆ ಅಂದುಕೊಂಡಿದ್ದೆ. ಅವರು ಅಂಗಡಿಯ ಶೇಂಗಾ ಚೀಲಗಳನ್ನೇ ನೋಡುತ್ತಾ ಕೂತುಬಿಟ್ಟರು.

"ಹಂಗಾದ್ರೆ ಇಷ್ಟು ವರ್ಷ ಔಷಧೀನ ಸೇರಿನಾಗೆ ಅಳದು ಕೊಟ್ನಲ್ಲಮ್ಮ" ಎಂದರು.

ಆ ಸಂಜೆ ಸೇತುವೆಗೆ ಹೊರಟಾಗ ಇಬ್ಬರ ಜೇಬುಗಳೂ ಹುರಿದ ಶೇಂಗಾದಿಂದ ಉಬ್ಬಿದ್ದವು. ಸಿಪ್ಪೆ ಬೀಳುತ್ತಿದ್ದ ಜಾಡು ಹಿಡಿದು ಹೋದರೆ ಅವರು ಎಲ್ಲಿದ್ದಾರೆಂದು ತಿಳಿಯುತ್ತಿತ್ತು.