ಅಪ್ಪನ ಮ್ಯಾಚಿಂಗ್ ಅಂಗಡಿ

ಹೊಸ ರವಿಕೆ ಬಟ್ಟೆಗೆ ಒಂದು ವಾಸನೆಯಿರುತ್ತದೆ. ಗಂಜಿಯದು ಅರ್ಧ, ಬಣ್ಣದ್ದು ಅರ್ಧ. ಮೂಗಿನ ಹತ್ತಿರ ಹಿಡಿದರೆ ಸೀನು ಬರುವ ಹಾಗಿರುತ್ತದೆ. ಮೊನ್ನೆ ಅರಕಲಗೂಡಿನ ನಮ್ಮ ಮನೆಗೆ ಪಾರ್ಸಲ್ಲಿನಲ್ಲಿ ಬಂದ ಸೀರೆಯ ಪ್ಲಾಸ್ಟಿಕ್ ಕವರು ಕತ್ತರಿಸಿದಾಗ ಆ ವಾಸನೆ ಒಂದು ಗಳಿಗೆ ಬಂದು ಹೋಯಿತು. ಸೀರೆ ಬಿಡಿಸುವುದನ್ನೂ ಮರೆತು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಿಮ್ಮೂರಿನ ಪೇಟೆ ಬೀದಿಯಲ್ಲೂ ನಿಮಗೆ ಬೇಕಾದವರೊಬ್ಬರ ಅಂಗಡಿ ಇದ್ದು, ಈಗ ಅಲ್ಲಿ ಬೇರೆ ಯಾರದೋ ಬೋರ್ಡು ಇದ್ದರೆ, ನಾನು ಯಾಕೆ ಕೂತೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ, ಪಾತ್ರೆ ಅಂಗಡಿಗೂ ಬಳೆ ಅಂಗಡಿಗೂ ನಡುವೆ ಇದ್ದದ್ದು ಅಪ್ಪನ ಅಂಗಡಿ. ರವಿಕೆ ಬಟ್ಟೆ, ಲಂಗದ ಬಟ್ಟೆ, ಸೀರೆಯ ಫಾಲ್ಸು, ಇಷ್ಟೇ ವ್ಯಾಪಾರ. ಬೋರ್ಡಿನಲ್ಲಿ ದೇವರ ಹೆಸರಿದ್ದರೂ ಊರಿಗೆಲ್ಲ ಅದು ಮ್ಯಾಚಿಂಗ್ ಅಂಗಡಿ. ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಬಟ್ಟೆಯ ಥಾನುಗಳು: ಗಿಣಿ ಹಸಿರು, ಮಾವಿನೆಲೆ ಹಸಿರು, ಈರುಳ್ಳಿ ಸಿಪ್ಪೆ, ಬದನೆಕಾಯಿ, ಕನಕಾಂಬರ, ಮೆಂತ್ಯ. ಹಳೇಕೋಟೆ ಕಡೆಯಿಂದ ಬಸ್ಸಿಳಿದು ಬರುವ ಹೆಂಗಸರು ಸೀರೆಯನ್ನು ಕಂಕುಳಲ್ಲಿಟ್ಟುಕೊಂಡೇ ಬರುತ್ತಿದ್ದರು. ಅಪ್ಪ ಅದನ್ನು ಟ್ಯೂಬ್‌ಲೈಟಿನ ಕೆಳಗೆ ನೋಡುತ್ತಿರಲಿಲ್ಲ. ಟ್ಯೂಬ್‌ಲೈಟು ಸುಳ್ಳು ಹೇಳುತ್ತದೆ ಎನ್ನುವುದು ಅವರ ನಂಬಿಕೆ. ನಾಲ್ಕು ಥಾನು ಹೆಗಲಿಗೇರಿಸಿ, ಸೀರೆಯ ಸೆರಗು ಹಿಡಿದು, ಹೆಂಗಸರನ್ನೂ ಕರೆದುಕೊಂಡು ಬೀದಿಯ ಮೆಟ್ಟಿಲಿಗೆ ಬಂದು ಬಿಸಿಲಿಗೆ ಹಿಡಿಯುತ್ತಿದ್ದರು. ಹೋಗಿ ಬರುವವರೂ ನಿಂತು ಒಂದು ಮಾತು ಹೇಳುತ್ತಿದ್ದರು. ಬಳೆ ಅಂಗಡಿಯವರಂತೂ ಕರೆಯದಿದ್ದರೂ ಬರುತ್ತಿದ್ದರು. ಎಲ್ಲರ ಮಾತು ಕೇಳಿಸಿಕೊಂಡು ಅಪ್ಪ ಕೊನೆಗೆ ತಮಗೆ ಕಂಡದ್ದನ್ನೇ ಕೊಡುತ್ತಿದ್ದರು. ಯಾರಾದರೂ ಹಟ ಹಿಡಿದು ಒಪ್ಪದ ಬಣ್ಣ ಕೇಳಿದರೆ ಕತ್ತರಿಯನ್ನು ಗಲ್ಲಾಪೆಟ್ಟಿಗೆಯೊಳಗೆ ಇಟ್ಟು, ಮುಂದಿನ ಬೀದಿಯಲ್ಲಿ ಇನ್ನೊಂದು ಅಂಗಡಿಯಿದೆ, ಅಲ್ಲಿಗೆ ಹೋಗಿ ಎಂದುಬಿಡುತ್ತಿದ್ದರು. ಬೈದುಕೊಂಡು ಹೋದವರು ಮುಂದಿನ ಹಬ್ಬಕ್ಕೆ ಮತ್ತೆ ಇಲ್ಲಿಗೇ ಬರುತ್ತಿದ್ದರು.

ನಾನು ಚಿಕ್ಕವಳಿದ್ದಾಗ ದಿನಾ ಸಂಜೆ ಸ್ಕೂಲು ಬಿಟ್ಟ ಮೇಲೆ ನನ್ನ ಜಾಗ ಆ ಥಾನುಗಳ ಮೇಲೆಯೇ. ಅಪ್ಪ ಒಂದು ತುಂಡು ಎತ್ತಿ ತೋರಿಸಿ ಯಾವ ಬಣ್ಣ ಎಂದು ಕೇಳುತ್ತಿದ್ದರು. ಹಸಿರು ಎಂದರೆ ಸಾಲದು, ಯಾವ ಹಸಿರು ಎನ್ನಬೇಕು. ತಪ್ಪಿದರೆ ನಿನಗೆ ಅಡುಗೆಮನೆಯ ಕೊತ್ತಂಬರಿಗೂ ಕರಿಬೇವಿಗೂ ವ್ಯತ್ಯಾಸ ಗೊತ್ತಿಲ್ಲವೆಂದು ಗೇಲಿ ಮಾಡುತ್ತಿದ್ದರು. ಲೆಕ್ಕದಲ್ಲಿ ನಾನು ಎಷ್ಟು ಮಾರ್ಕ್ಸು ತೆಗೆದೆ ಎಂದು ಒಂದು ದಿನವೂ ಕೇಳಿದವರಲ್ಲ. ನೇರಳೆಗೂ ಬದನೆಕಾಯಿಗೂ ಇರುವ ಅಂತರ ಮೊದಲ ಸಲ ಸರಿಯಾಗಿ ಹೇಳಿದ ದಿನ ಮಾತ್ರ ಎದುರಿನ ಹೋಟೆಲಿನಿಂದ ಮಸಾಲೆ ದೋಸೆ ತರಿಸಿಕೊಟ್ಟರು.

ನಾನು ಹಾಸನದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡತೊಡಗುವ ಹೊತ್ತಿಗೆ ಕಾಲ ತಿರುಗಿತ್ತು. ಹಾಸನದಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿಗಳು ಬಂದವು. ಸೀರೆಯ ಒಳತುದಿಯಲ್ಲೇ ರವಿಕೆ ಬಟ್ಟೆ ಸೇರಿಕೊಂಡು ಬರತೊಡಗಿತು. ಆಮೇಲಾಮೇಲೆ ಕಂಪ್ಯೂಟರಿನಲ್ಲಿ ನೋಡಿ ಮನೆಗೇ ತರಿಸಿಕೊಳ್ಳುವುದೂ ಶುರುವಾಯಿತು. ಮೊದಮೊದಲು ಅದರಿಂದ ಅಪ್ಪನಿಗೆ ಅನುಕೂಲವೇ ಆಗಿತ್ತು. ಪರದೆಯ ಮೇಲೆ ಕಂಡ ಬಣ್ಣ ಒಂದು, ಪಾರ್ಸಲ್ಲಿನಲ್ಲಿ ಬಂದದ್ದು ಇನ್ನೊಂದಾಗಿ, ಹುಡುಗಿಯರು ಮುಖ ಸಣ್ಣದು ಮಾಡಿಕೊಂಡು ಅವರ ಹತ್ತಿರವೇ ಬರುತ್ತಿದ್ದರು. ಆದರೆ ಅದೇ ವರ್ಷಗಳಲ್ಲಿ ಅಪ್ಪನ ಕಣ್ಣಿಗೆ ಪೊರೆ ಬರುತ್ತಿತ್ತು. ಅದು ಅವರಿಗೇ ತಿಳಿಯಲಿಲ್ಲ. ಈಗಿನ ಬಟ್ಟೆಗೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ಎಲ್ಲ ಮಬ್ಬು ಮಬ್ಬು ಎಂದು ಗಿರಣಿಯವರನ್ನು ಬೈಯುತ್ತಿದ್ದರು.

ನನಗೆ ತಿಳಿದದ್ದು ಬಸ್ಸಿನಲ್ಲಿ. ಹೈಸ್ಕೂಲಿನಲ್ಲಿ ನನಗೆ ಪಾಠ ಹೇಳಿದ್ದ ಸರೋಜಾ ಮೇಡಂ ಒಂದು ಬೆಳಿಗ್ಗೆ ಪಕ್ಕದಲ್ಲಿ ಕೂತರು. ಕಡುನೀಲಿ ಸೀರೆ, ಕಪ್ಪು ರವಿಕೆ. ಅಪ್ಪನ ಅಂಗಡಿ ಬಿಟ್ಟು ಬೇರೆಲ್ಲೂ ರವಿಕೆ ಬಟ್ಟೆ ಕೊಳ್ಳದ ಹೆಂಗಸು. ನನ್ನ ಕಣ್ಣು ಆ ರವಿಕೆಯ ತೋಳಿನ ಮೇಲೆ ನಿಂತದ್ದನ್ನು ನೋಡಿ ಅವರು ದನಿ ತಗ್ಗಿಸಿದರು. “ನಿಮ್ಮಪ್ಪಂಗೆ ಹೇಳ್ಬೇಡ ಕಣಮ್ಮ. ನೀಲಿ ಅಂತ್ಲೇ ಕೊಟ್ರು. ಅವ್ರ ಮುಂದೆ ವಾಪಸ್ ಹಿಡ್ಕೊಂಡು ನಿಲ್ಲಕ್ಕೆ ನಂಗೆ ಮನಸ್ಸು ಬರ್ಲಿಲ್ಲ.” ಇನ್ನೂ ನಾಲ್ಕಾರು ಜನ ಹೀಗೇ ತೆಗೆದುಕೊಂಡು ಹೋಗಿದ್ದಾರೆ, ಯಾರೂ ಬಾಯಿ ಬಿಟ್ಟಿಲ್ಲ ಎಂದರು. ನಾನು ತಲೆಯಾಡಿಸಿದೆ. ಊರಿನ ಜನ ಅಪ್ಪನನ್ನು ಇಷ್ಟು ಕಾಪಾಡುತ್ತಿದ್ದಾರಲ್ಲ ಎಂದು ಆ ದಿನ ನನಗೆ ಹೆಮ್ಮೆಯೇ ಆಯಿತು. ಮನೆಗೆ ಬಂದು ಏನೂ ಹೇಳಲಿಲ್ಲ.

ಹಾಗೆ ಎರಡು ವರ್ಷ ಕಳೆಯಿತು. ದೊಡ್ಡವರು ಅಪ್ಪ ಕೊಟ್ಟದ್ದನ್ನು ಹೊಲಿಸಿಕೊಂಡು ತೊಟ್ಟರು. ಅವರ ಮನೆಯ ಹೆಣ್ಣುಮಕ್ಕಳು, ಸೊಸೆಯಂದಿರು ಅದನ್ನು ನೋಡಿ ಹಾಸನಕ್ಕೆ ಹೋದರು, ಇಲ್ಲವೇ ರವಿಕೆ ಸಮೇತ ಪಾರ್ಸಲ್ ತರಿಸಿಕೊಂಡರು. ಅಪ್ಪ ಒಂದು ಮಧ್ಯಾಹ್ನ ಥಾನು ಹೊತ್ತು ಇಳಿಯುವಾಗ ಮೆಟ್ಟಿಲು ಕಾಣದೆ ಬಿದ್ದರು. ಡಾಕ್ಟರಿಗೆ ಕಣ್ಣು ತೋರಿಸಿದ್ದು ಆಮೇಲೆ. ಹಾಸನದಲ್ಲಿ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ದಿನ ಅವರು ಮಗುವಿನ ಹಾಗಾಗಿದ್ದರು. ಆಸ್ಪತ್ರೆಯ ಪರದೆ, ನರ್ಸಿನ ಪೆನ್ನು, ಬಸ್ಸಿನ ಸೀಟು, ಎಲ್ಲದಕ್ಕೂ ಒಂದೊಂದು ಬಣ್ಣದ ಹೆಸರು ಹೇಳುತ್ತಾ ಊರಿಗೆ ಬಂದರು.

ಹದಿನೈದು ದಿನ ಕಳೆದು ನೆಂಟರ ಮದುವೆಗೆಂದು ಚನ್ನರಾಯಪಟ್ಟಣಕ್ಕೆ ಹೋದೆವು. ನಮ್ಮೂರಿನ ಹೆಂಗಸರೂ ಬಂದಿದ್ದರು. ಪಂಕ್ತಿಯಲ್ಲಿ ಊಟಕ್ಕೆ ಕೂತ ಅಪ್ಪ ಎದುರಿನ ಸಾಲನ್ನು ನೋಡುತ್ತಾ ನೋಡುತ್ತಾ ಎಲೆಯ ಮೇಲೆ ಕೈಯಿಟ್ಟವರು ಹಾಗೇ ಇದ್ದುಬಿಟ್ಟರು. ಕೆನೆ ಬಣ್ಣದ ಸೀರೆಗೆ ಅಚ್ಚ ಬಿಳಿ ರವಿಕೆ, ನೇರಳೆಗೆ ಕಪ್ಪು, ತಿಳಿನೀಲಿಗೆ ಬೂದಿ. ಒಂದೊಂದೂ ಯಾವ ಥಾನಿನಿಂದ ಕತ್ತರಿಸಿದ್ದು ಎಂದು ಅವರಿಗೆ ಗೊತ್ತಿತ್ತು. ಬಡಿಸುವವರು ಎರಡು ಸಲ ಕೇಳಿದರೂ ಅವರತ್ತ ತಿರುಗಲಿಲ್ಲ, ಉಣ್ಣಲೂ ಇಲ್ಲ. ಮನೆಗೆ ಬಂದ ಮೇಲೆ ಅಂಗಿಯನ್ನೂ ಕಳಚದೆ ಕೂತು ಹೇಳಿದರು: “ಒಬ್ರಾರ ವಾಪಸ್ ತಂದು ಬೈದಿದ್ರೆ ಅವತ್ತೇ ಕಣ್ಣು ತೋರುಸ್ತಿದ್ನಲ್ಲವ್ವ.” ನನ್ನ ಕಡೆ ತಿರುಗಿ, ನಿನಗೇನಾದರೂ ಗೊತ್ತಿತ್ತೇ ಎಂದು ಕೇಳಿದರು. ನಾನು ಇಲ್ಲ ಎಂದೆ.

ಆಮೇಲೆ ಅವರು ಬೆಳಿಗ್ಗೆ ಎಂಟಕ್ಕೇ ಅಂಗಡಿ ತೆಗೆಯತೊಡಗಿದರು. ಒಬ್ಬೊಬ್ಬರಾಗಿ ಬರಲಿ, ಅವರವರ ಸೀರೆಗೆ ಸರಿಯಾದ ತುಂಡು ಕೊಟ್ಟು ತಪ್ಪು ತಿದ್ದಿಕೊಳ್ಳುತ್ತೇನೆ ಎಂದು ಕಾದರು. ಅಂಥ ಕಣ್ಣು ಅವರಿಗೆ ಯೌವನದಲ್ಲೂ ಇರಲಿಲ್ಲವೇನೋ. ಬರುವವರೇ ಇರಲಿಲ್ಲ. ಬೀದಿಯಲ್ಲಿ ಪಾರ್ಸಲ್ ಚೀಲ ಹೊತ್ತ ಬೈಕುಗಳು ಹೋಗುತ್ತಿದ್ದವು. ಬಳೆ ಅಂಗಡಿಯೂ ಮೊಬೈಲ್ ಅಂಗಡಿಯಾಗಿತ್ತು.

ಒಂದು ಸಂಜೆ ನಾನೂ ಅಂಗಡಿಯಲ್ಲಿದ್ದಾಗ ಸರೋಜಾ ಮೇಡಂ ಬಂದರು. ಹೊಸ ಸೀರೆ ಚಾಚಿ, ಇದಕ್ಕೊಂದು ರವಿಕೆ ಬಟ್ಟೆ ಕೊಡಿ ಅಣ್ಣ ಎಂದರು. ಅಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ ಚಪ್ಪಲಿ ಮೆಟ್ಟದೆಯೇ ಬೀದಿಗಿಳಿದರು. ಸೀರೆ ಬಿಡಿಸುತ್ತಾ ಹೋದಾಗ ಒಳತುದಿಯಲ್ಲಿ ಅದೇ ಬಣ್ಣದ ರವಿಕೆ ಬಟ್ಟೆ, ಇನ್ನೂ ಕತ್ತರಿಸದೆ, ಸೀರೆಗೆ ಸೇರಿಕೊಂಡೇ ಇತ್ತು. ನಾನೂ ನೋಡಿದೆ. ಮೇಡಂ ಬೇರೆ ಕಡೆ ನೋಡುತ್ತಿದ್ದರು. ಅಪ್ಪ ಆ ತುದಿಯನ್ನು ಮೆಲ್ಲಗೆ ಒಳಕ್ಕೆ ಮಡಚಿ, ಏನೂ ಕಾಣದವರಂತೆ ಒಂದೊಂದೇ ಥಾನು ಹಿಡಿದು ನೋಡಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಬಟ್ಟೆ ಆರಿಸಿ ಕತ್ತರಿಸಿಕೊಟ್ಟರು. “ಇದ್ ಮಾತ್ರ ಸರಿಯಾಗೈತೆ ಮೇಡಂ,” ಎಂದರು. ಅವರು ಹೋದ ಮೇಲೆ ಥಾನು ಸುತ್ತುತ್ತಾ, ಪಾಪ ಎಂದುಕೊಂಡು ಬರುವವರಿಗೆ ಬಣ್ಣ ಕೊಡುವುದು ನನ್ನ ಕೈಲಾಗುವುದಿಲ್ಲ ಎಂದರು. ಮಾರನೆಯ ವಾರ ಅಂಗಡಿ ಬಿಟ್ಟುಕೊಟ್ಟರು.

ಕಂಪ್ಯೂಟರು ಬಂದು ನಿಮ್ಮ ಅಂಗಡಿ ಹೋಯಿತು ಎಂದು ಊರಿನವರು ಈಗಲೂ ಮರುಗುತ್ತಾರೆ. ನಾನೂ ಹೌದು ಎನ್ನುತ್ತೇನೆ. ಅಪ್ಪ ಕೊನೆಯವರೆಗೂ ನನಗೆ ಗೊತ್ತಿರಲಿಲ್ಲವೆಂದೇ ನಂಬಿದ್ದರು. ಊರೆಲ್ಲ ಬಚ್ಚಿಟ್ಟರೂ ನನ್ನ ಮಗಳಿಗೆ ತಿಳಿದಿದ್ದರೆ ಹೇಳದೆ ಇರುತ್ತಿರಲಿಲ್ಲ ಎಂದು ಬಂದವರ ಹತ್ತಿರ ಹೇಳಿಕೊಳ್ಳುತ್ತಿದ್ದರು. ನಾನು ಒಳಗೆ ಕಾಫಿ ಸೋಸುತ್ತಾ ಅದನ್ನು ಕೇಳಿಸಿಕೊಳ್ಳುತ್ತಿದ್ದೆ.