ಸುರಿಯುವವರು ಒಬ್ಬರು, ನೋಡುವವರು ಒಬ್ಬರು

ಒಬ್ರೆನ್ ತುಂಬುವ ಕೋವಿ ತೋಟಾಗಳ ಮಾತನ್ನು ಸ್ತಾನಿಕಾ ಮೊದಲು ಕೇಳಿದ್ದು ಗಂಡ ತೀರಿದ ನಲವತ್ತನೇ ದಿನದ ಊಟದಲ್ಲಿ. ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚಿ, ಬೇಯಿಸಿದ ಸಿಹಿಗೋಧಿ ಹಂಚಿ, ಎಲ್ಲರೂ ರಾಕಿಯಾ ಸಾರಾಯಿ ಹಿಡಿದು ಕೂತಿದ್ದಾಗ ಬೇಟೆಗಾರರ ಸಂಘದ ಅಧ್ಯಕ್ಷ ಗ್ವೋಜ್ದೆನ್ ಸತ್ತವನ ಕೋವಿಯ ಮಾತೆತ್ತಿದ. ಸೇನೆಯವರು ಬೇಡವೆಂದು ಮಾರಿದ ಹಳೆಯ ಮೌಸರ್ ಅದು.

"ಅದನ್ನ ಮಾರ್ಬಿಡಿ, ಸ್ನಾಯಾ. ನಿಮ್ಮ ಭುಜಕ್ಕೆ ಕತ್ತೆ ಒದ್ದಂಗೆ ಒದೆಯುತ್ತೆ."

ಗೋಲಿಯಾ ಬೆಟ್ಟದ ಆ ಊರಿಗೆ ಮದುವೆಯಾಗಿ ಬಂದವಳು ಅರವತ್ತು ದಾಟಿದರೂ ಸ್ನಾಯಾ, ಅಂದರೆ ಸೊಸೆಯೇ.

"ಹಂದಿ ಬಂದು ಆಲೂಗಡ್ಡೆ ಅಗೆದಾಗ ನೀನು ಬರ್ತೀಯೇನೋ?" ಎಂದಳು ಸ್ತಾನಿಕಾ.

ಪಕ್ಕದ ಮನೆಯವಳು ನಕ್ಕಳು. "ಹಂಗಾದ್ರೆ ಮೇಲಿನ ಕೇರಿ ಒಬ್ರೆನ್ ಚೀಚಾನ ಹತ್ರ ಹೋಗು. ಕೈಯಾರೆ ತೋಟಾ ತುಂಬ್ತಾನೆ. ಮೆತ್ತಗೆ ಒದೆಯೋ ಹಾಗೆ."

"ಕುರುಡನ ತೋಟಾ!" ಎಂದ ಗ್ವೋಜ್ದೆನ್. "ಅದಕ್ಕಿಂತ ಪ್ಲಮ್ ಬೀಜ ಹಾಕಿ ಹೊಡೀತೀನಿ ನಾನು."

ಕೋವಿಯ ಪರವಾನಗಿ ತನ್ನ ಹೆಸರಿಗೆ ಬಂದ ವಾರವೇ ಸ್ತಾನಿಕಾ, ಗಂಡ ಕೂಡಿಟ್ಟಿದ್ದ, ಹೊಡೆದ ತೋಟಾಗಳ ಖಾಲಿ ಹಿತ್ತಾಳೆ ಚಿಪ್ಪುಗಳ ಡಬ್ಬ ಹಿಡಿದು ಮೇಲಿನ ಕೇರಿ ಹತ್ತಿದಳು. ಊರಿಗೆಲ್ಲ ಚೀಚಾ, ಅಂದರೆ ಚಿಕ್ಕಪ್ಪ, ಎನಿಸಿಕೊಂಡ ಒಬ್ರೆನ್ ಒಂದು ಚಿಪ್ಪನ್ನು ಬೆರಳ ತುದಿಯಲ್ಲಿ ತಿರುಗಿಸಿದ. ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಬೆರಳುಗಳು.

"ಒಂದ್ಸಲ ಹೊಡೆದ್ರೆ ಚಿಪ್ಪು ಆ ಕೋವಿಯ ಹೊಟ್ಟೆ ಅಳತೆಗೇ ಹಿಗ್ಗುತ್ತೆ. ಬೇರೆ ಕೋವಿಗೆ ಹಾಕಿದ್ರೆ ಮುನಿಸ್ಕೊಳ್ಳುತ್ತೆ."

"ನಮ್ಮೆಜಮಾನ್ರೂ ಹಂಗೇ ಇದ್ರು, ಚೀಚಾ. ಬೇರೆ ಮನೆ ಸಾರು ಸೇರ್ತಿರ್ಲಿಲ್ಲ."

ಮುದುಕ ನಕ್ಕ. "ತುಂಬಿಕೊಡ್ತೀನಿ. ಆದ್ರೆ ನನ್ನ ಕಣ್ಣು ಹೋಯ್ತು, ಕೈ ಹೋಗಿಲ್ಲ. ನಾನು ಮದ್ದು ಸುರೀತೀನಿ, ನೀನು ನೋಡು."

ಮೆತ್ತಗಿನ ತೋಟಾಕ್ಕೆ ಸಿಡಿಮದ್ದು ಸ್ವಲ್ಪವೇ ಸಾಕು. ಚಿಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ. ಮರೆತು ಎರಡು ಸಲ ಸುರಿದರೂ ಹಿಡಿಸುತ್ತದೆ. ಮೇಲೆ ಗುಂಡು ಕೂರಿಸಿದ ಮೇಲೆ ಯಾರಿಗೂ ತಿಳಿಯದು. ಕೋವಿ ಮುಖದ ಮೇಲೆ ಸಿಡಿದಾಗಲೇ ತಿಳಿಯುವುದು. ಅದಕ್ಕೇ ಹಲಗೆಯ ತೂತುಗಳಲ್ಲಿ ನಿಂತ ಒಂದೊಂದು ಚಿಪ್ಪಿನೊಳಗೂ ಟಾರ್ಚ್ ಬಿಟ್ಟು ಇಣುಕುವುದು ಸ್ತಾನಿಕಾಳ ಕೆಲಸವಾಯಿತು.

"ಒಬ್ಬರೇ ಎರಡೂ ಮಾಡ್ಬಾರ್ದು," ಎನ್ನುತ್ತಿದ್ದ ಒಬ್ರೆನ್. "ತಾನು ಸುರಿದದ್ದು ಸರಿ ಅಂತ್ಲೇ ಕಣ್ಣು ಹೇಳುತ್ತೆ."

ಎರಡು ವರ್ಷ ಹೀಗೆ ನಡೆಯಿತು. ಸ್ತಾನಿಕಾಳ ಹೊಲದಲ್ಲಿ ಮೂರು ಹಂದಿ ಬಿದ್ದವು. ಕೆಳಕೇರಿಯ ಬೇಟೆಗಾರರೂ ಚಿಪ್ಪು ತರತೊಡಗಿದರು. ಆಗ ಒಂದು ಮಧ್ಯಾಹ್ನ ಗ್ವೋಜ್ದೆನ್ ಬಂದು ಬಾಗಿಲಲ್ಲಿ ನಿಂತ.

"ಚೀಚಾ, ಸಂಘದವರು ಗುರಿ ಹೊಡೆಯೋ ಬಯಲಿಗೆ ನಿಮ್ಮ ತೋಟಾ ತರಕೂಡದು ಅಂತ ಭಾನುವಾರ ತೀರ್ಮಾನ ಮಾಡ್ತೀವಿ. ಕಣ್ಣಿಲ್ಲದ ಕೈಯನ್ನ ಯಾರು ನಂಬೋದು?"

ಒಬ್ರೆನ್‌ಗೆ ಬದುಕಿನಲ್ಲಿ ಉಳಿದಿದ್ದುದು ಆ ಕೈಯೊಂದೇ. ಸ್ತಾನಿಕಾ ಆಗ ಹಲಗೆಯ ಮೂರನೇ ಸಾಲಿನ ಮೇಲೆ ಬಗ್ಗಿದ್ದಳು. ನಾಲ್ಕನೇ ಚಿಪ್ಪಿನಲ್ಲಿ ಮದ್ದು ಉಳಿದವಕ್ಕಿಂತ ಎತ್ತರದಲ್ಲಿತ್ತು. ಗ್ವೋಜ್ದೆನ್ ಹೋಗುವ ತನಕ ಬಾಯಿ ಮುಚ್ಚಿಕೊಂಡಿರಬಹುದಿತ್ತು.

"ಚೀಚಾ, ನಾಲ್ಕನೇದ್ರಲ್ಲಿ ಎರಡು ಸಲ ಬಿದ್ದಿದೆ," ಎಂದಳು ಗಟ್ಟಿಯಾಗಿ.

"ನೋಡಿದ್ರಾ!" ಎಂದು ಗ್ವೋಜ್ದೆನ್ ತೊಡೆ ತಟ್ಟಿದ.

"ನೋಡಿದ್ದು ಅವಳು," ಎಂದ ಒಬ್ರೆನ್. "ಅದಕ್ಕೇ ಅವಳಿರೋದು. ಆ ಸಾಲೆಲ್ಲ ವಾಪಸ್ ಸುರಿ, ಸ್ನಾಯಾ. ಮತ್ತೆ ಮಾಡೋಣ. ನೀನೂ ಕೂತ್ಕೊಂಡು ನೋಡೋ, ಗ್ವೋಜ್ದೆನ್."

ಮತ್ತೆ ಸುರಿದಾದ ಮೇಲೆ ಗ್ವೋಜ್ದೆನ್ ಟಾರ್ಚ್ ಕಿತ್ತುಕೊಂಡು ಎಲ್ಲದರೊಳಗೂ ಇಣುಕಿದ. ತಪ್ಪು ಸಿಗಲಿಲ್ಲ.

ಭಾನುವಾರ ಸಂಘದ ಬಯಲಿನಲ್ಲಿ ಸ್ತಾನಿಕಾ ಅದೇ ಹಲಗೆಯ ತೋಟಾ ಐದು ಹೊಡೆದಳು. ಐದು ಗುಂಡೂ ಗುರಿಯ ಮೇಲೆ ಒಂದು ಕಾಫಿ ಬಟ್ಟಲಿನ ಅಗಲದಲ್ಲಿ ಬಿದ್ದವು. ತೀರ್ಮಾನದ ಮಾತು ಯಾರೂ ಎತ್ತಲಿಲ್ಲ. ಮರುವಾರ ಒಬ್ರೆನ್‌ನ ಬಾಗಿಲಲ್ಲಿ ಗ್ವೋಜ್ದೆನ್‌ನ ಕೋಟಿನೊಳಗಿಂದಲೇ ಖಾಲಿ ಚಿಪ್ಪುಗಳ ಗಲಗಲ ಕೇಳಿಸಿತು.

ಚಳಿಗಾಲಕ್ಕೆ ಮುಂಚೆ ಒಬ್ರೆನ್ ಹಾಸಿಗೆ ಹಿಡಿದ. ಸ್ತಾನಿಕಾ ಜೋಳದ ರೊಟ್ಟಿ, ಕೆನೆ ತಂದಳು. ಅವನು ಅದನ್ನು ಪಕ್ಕಕ್ಕಿಟ್ಟು ದಿಂಬಿನಡಿಯಿಂದ ಸಿಡಿಮದ್ದು ಸುರಿಯುವ ಚಮಚ ತೆಗೆದು ಅವಳ ಅಂಗೈಗಿಟ್ಟ.

"ಇನ್ಮೇಲೆ ಸುರಿಯೋಳು ನೀನು."

"ಆಯ್ತು ಚೀಚಾ. ನನ್ನ ಕಣ್ಣೂ ಚೆನ್ನಾಗಿದೆ, ನೋಡೋದೂ ನಾನೇ..."

"ಅದೇ ಬೇಡ ಅಂದದ್ದು. ನೋಡೋಕೆ ಗ್ವೋಜ್ದೆನ್‌ನ ಕರೆಸು."

"ಆ ಬಾಯಿಬಡುಕನ್ನಾ?"

"ನಿನ್ನ ತಪ್ಪು ಹಿಡೀಬೇಕು ಅಂತ ಅವನಿಗಿರೋಷ್ಟು ಆಸೆ ಈ ಬೆಟ್ಟದಲ್ಲಿ ಇನ್ಯಾರಿಗೂ ಇಲ್ಲ. ಅಂಥ ಕಣ್ಣೇ ಬೇಕು. ಕರೆಸ್ತೀಯಲ್ಲ?"