ಆರಿಹೋದ ಕೋಪ

ದೇರೆಬೈಲಿನಲ್ಲಿ ಆ ಕಾಲಕ್ಕೆ ಮನೆಗಳು ವಿರಳ. ಒಂದು ಮನೆಯ ಜಗಳ ಇನ್ನೊಂದಕ್ಕೆ ಕೇಳಿಸುತ್ತಿರಲಿಲ್ಲ. ನಮ್ಮ ಅಪ್ಪನದ್ದು ಮಾತ್ರ ಕೇಳಿಸುತ್ತಿತ್ತು. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಅಮ್ಮನೊಡನೆ ನಮ್ಮದು ತುಳು, ಅವರೊಡನೆ ಕನ್ನಡವೇ ಆಗಬೇಕು. ಊಟದ ಹೊತ್ತಿಗೆ ಶಬ್ದಗಳ ಪಾಠ. ಮಗುವನ್ನು ರಮಿಸುತ್ತಾರೆ, ದೊಡ್ಡವರನ್ನು ಓಲೈಸುತ್ತಾರೆ, ಓಲೈಕೆಯಲ್ಲಿ ಸ್ವಲ್ಪ ಸ್ವಾರ್ಥವೂ ಉಂಟು ಎನ್ನುತ್ತಿದ್ದರು. ಸಾಂತ್ವನ ದುಃಖಕ್ಕೆ, ಕೋಪಕ್ಕಲ್ಲ. ಸಾವಿತ್ರಿ ಅಕ್ಕ ಸಾರು ಬಡಿಸುತ್ತಾ, "ನಿಮ್ಮ ಕೋಪಕ್ಕೆ ಯಾವುದು ಅಪ್ಪ?" ಎಂದರೆ ನಕ್ಕುಬಿಡುತ್ತಿದ್ದರು. ಹಾಗೆ ಕೇಳುವ ಧೈರ್ಯ ಅವಳೊಬ್ಬಳಿಗೇ ಇದ್ದದ್ದು.

ನನಗೆ ಒಂಬತ್ತು ತುಂಬಿದ ಬೇಸಗೆ. ಅಂಗಳದ ಚಾಪೆಯಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ನಾನು ಕಾಗೆ ಓಡಿಸುತ್ತ ಕಲ್ಲಾಟ ಆಡುತ್ತಿದ್ದೆ. ಒಳಗೆ ಅಕ್ಕ, ತಾನು ನರ್ಸಿಂಗ್ ಕಲಿಯಲು ಹೋಗುವುದಾಗಿ ಹೇಳಿದಳು. ದೇವಸ್ಥಾನದ ಭಟ್ಟರ ಮನೆತನದ ಹುಡುಗಿ ಕಂಡಕಂಡವರ ಮೈ ತೊಳೆಯುವುದೇ ಎಂದು ಅಪ್ಪ ಕೂಗಾಡಿದರು. ಅಮ್ಮ ಅವರಿಗೆ ಎಂದಿನಂತೆ ಮಜ್ಜಿಗೆ ಕೊಟ್ಟು, ಕೋಪ ಇಳಿಯುವವರೆಗೆ ಕಾಯುವಂತೆ ಅಕ್ಕನಿಗೆ ಹೇಳಿದಳು. ಅಕ್ಕ ಕಾಯಲಿಲ್ಲ, ಮರುವಾರ ಹೊರಟೇ ಹೋದಳು.

ಮಳೆ ಹಿಡಿಯುವ ಮೊದಲು ಒಂದು ಮಧ್ಯಾಹ್ನ ಬಂದಳು. ಬಿಳಿ ಸೀರೆ, ಮೈಯೆಲ್ಲ ಫಿನಾಯಿಲ್ ವಾಸನೆ. ಅಪ್ಪ ಜಗಲಿಯಲ್ಲಿ ಕೂತಿದ್ದರು.

"ಇನ್ನೂ ಕೋಪ ಉಂಟಾ ಅಪ್ಪ?"

"ನನಗೆಂತ ಕೋಪ? ಇಲ್ಲ."

ದನಿ ಮೆತ್ತಗಿತ್ತು. ನಾನು ಖುಷಿಯಿಂದ ಅಕ್ಕನ ಕೈ ಎಳೆದೆ. ಅವಳು ಮೆಟ್ಟಿಲು ಹತ್ತಲಿಲ್ಲ.

"ಕೋಪ ಇದ್ದರೆ ಕಾಲು ಹಿಡಿದಾದರೂ ಸಮಾಧಾನ ಮಾಡ್ತಿದ್ದೆ. ಇಲ್ಲದಿದ್ದರೆ ಎಂತ ಮಾಡುವುದು?" ಎಂದು ಅಂಗಳ ದಾಟಿದಳು. ಅಮ್ಮ ಕಾಯಲು ಹೇಳಿದ್ದು ಕೋಪ ಇಳಿಯಲೆಂದು, ಇದು ಅಕ್ಕರೆಯ ಬಿಸಿಯೂ ಉಳಿಯದಂತೆ ಆರಿಹೋಗಿತ್ತು. ಆ ವ್ಯತ್ಯಾಸವನ್ನು ಅಪ್ಪ ಯಾವ ಊಟದಲ್ಲೂ ಹೇಳಿಕೊಟ್ಟಿರಲಿಲ್ಲ.

ಆ ಮಳೆಗಾಲದಲ್ಲೇ ಅಕ್ಕ ಟೈಫಾಯ್ಡಿನಿಂದ ತೀರಿಕೊಂಡಳು. ತಾನು ಕೆಲಸ ಕಲಿಯುತ್ತಿದ್ದ ಆಸ್ಪತ್ರೆಯ ವಾರ್ಡಿನಲ್ಲೇ ಮಲಗಿದ್ದಳಂತೆ. ಸುದ್ದಿ ತಲುಪಿ ಅಪ್ಪ ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಅಪ್ಪ ಯಾರ ಮೇಲೂ ರೇಗಲಿಲ್ಲ. ಶಬ್ದಗಳ ಪಾಠವೂ ನಿಂತಿತು. ಆ ಮೌನಕ್ಕೆ ಹೆದರಿ, ಒಮ್ಮೆಯಾದರೂ ಬೈಯಲಿ ಎಂದು ನಾನು ಬೇಕೆಂದೇ ಅವರ ಹಿತ್ತಾಳೆ ಚೆಂಬನ್ನು ಬಾವಿಗೆ ಬೀಳಿಸಿದೆ.

"ಬಿದ್ದರೆ ಬೀಳಲಿ ಮಗಾ," ಎಂದರು.

ಈಗ ಅಪ್ಪನಿಲ್ಲ, ಆ ಮನೆಯೂ ಇಲ್ಲ. ಎಲ್ಲಾದರೂ ಒಬ್ಬ ತಂದೆ ಮಗಳನ್ನು ಗದರುವುದು ಕೇಳಿದರೆ ನನ್ನ ಕಾಲು ನಿಂತುಬಿಡುತ್ತದೆ. ಅವಳು ಎದುರುತ್ತರ ಕೊಡುವುದು ಕಿವಿಗೆ ಬೀಳುವವರೆಗೂ ಅಲ್ಲಿಂದ ಕದಲಲಾರೆ.